ಮಂಗಳವಾರದ ಇಪ್ಪತ್ತೆರಡು ನಿಮಿಷ

ರಾಮದುರ್ಗದ ನೇಕಾರರ ಓಣಿಗೆ ಹೋಗಿ ನಿಜಗುಣಪ್ಪನ ಮನೆ ಯಾವುದೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ರಟ್ಟಿನ ಕಾಕಾನ ಮನೆ ಎಂದರೆ ಮಾತ್ರ ಬಾಗಿಲಲ್ಲಿ ಕುಳಿತ ಮುದುಕಿಯರೂ ಕೈ ಮಾಡಿ ತೋರಿಸುತ್ತಾರೆ. ಮೂವತ್ತೊಂದು ವರ್ಷದಿಂದ ಆತ ನೇಕಾರರ ಸಂಘದಲ್ಲಿ ಕುಳಿತು ರಟ್ಟಿಗೆ ತೂತು ಹೊಡೆಯುತ್ತಿದ್ದಾನೆ. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವು ಬರಬೇಕೋ ಗೋಪುರ ಬರಬೇಕೋ ಎಂದು ಮಗ್ಗಕ್ಕೆ ತಿಳಿಸುವುದು ಆ ರಟ್ಟಿನ ಪಟ್ಟಿಗಳೇ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಒಂದು ತೂತು ತಪ್ಪಿದರೆ ಇಡೀ ಸೀರೆಯ ಉದ್ದಕ್ಕೂ, ಪ್ರತಿ ಹೂವಿನಲ್ಲೂ, ಅದೇ ಜಾಗದಲ್ಲಿ ಅದೇ ಗಾಯ. ಆತನ ಕೈಯಿಂದ ಅಂಥ ಗಾಯವಾದದ್ದು ಎರಡೇ ಸಲ ಎಂದು ಓಣಿ ನೆನಪಿಟ್ಟುಕೊಂಡಿದೆ.

ಹುಟ್ಟಿದ್ದು ಬೆಳೆದದ್ದು ಅಲ್ಲಿಯೇ. ನೆಲದ ಕುಣಿಗೆ ಇಳಿದು ತುಳಿಯುವ ಮಗ್ಗ, ತಂದೆಯ ಆ ಕುಣಿಮಗ್ಗದ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ, ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಆ ಮನೆಯಲ್ಲಿ ಒಂದು ರೂಢಿ ಇತ್ತು. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿರುವಾಗ ನೇಯುತ್ತಿದ್ದವರು ತೀರಿಕೊಂಡರೆ ಆ ಹಾಸನ್ನು, ಮಗ್ಗಕ್ಕೆ ಬಿಗಿದ ಉದ್ದೆಳೆಗಳನ್ನು, ಹೊರಗಿನವರು ಕತ್ತರಿಸಬಾರದು. ಮನೆಯವರೇ ಕುಣಿಗೆ ಇಳಿದು, ನಾಲ್ಕು ಬೆರಳಷ್ಟಾದರೂ ಮುಂದೆ ನೇಯ್ದು, ತಮ್ಮ ಕೈಯಿಂದಲೇ ಕತ್ತರಿಸಿ ಇಳಿಸಬೇಕು. ತಂದೆ ಹೋದಾಗ ನಿಜಗುಣಪ್ಪನಿಗೆ ಇಪ್ಪತ್ತು. ಹನ್ನೊಂದನೆಯ ದಿನ ಆತ ಕುಣಿಗೆ ಇಳಿದ. ತಂದೆಯ ಕಾಲು ಸವೆಸಿದ ಹಲಗೆಯ ಮೇಲೆ ತನ್ನ ಕಾಲಿಟ್ಟು ನಾಲ್ಕು ಬೆರಳು ನೇಯ್ದ. ಆಮೇಲೆ ಕತ್ತರಿ ಹಿಡಿದ. ಬಿಗಿದು ನಿಂತ ಸಾವಿರಾರು ಎಳೆಗಳು ಒಂದೊಂದೇ ಸಡಿಲಾಗುವಾಗ ಬಂದ ಸಣ್ಣ ಸಪ್ಪಳ, ಯಾರೋ ಉಸಿರು ಬಿಟ್ಟಂಥದ್ದು, ಈಗಲೂ ಆತನ ಕಿವಿಯಲ್ಲಿದೆ.

ಹೆಂಡತಿ ಸಾವಿತ್ರೆವ್ವ ಸಾಲಹಳ್ಳಿಯ ರೈತರ ಮನೆಯವಳು. ಎಡ ಮುಂಗೈ ತುಂಬ ಹಸಿರು ಹಚ್ಚೆ ಹಾಕಿಸಿಕೊಂಡು ನೇಕಾರರ ಮನೆಗೆ ಬಂದವಳು. ಮದುವೆಯಾದ ಒಂಬತ್ತು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ನೀಲಾ. ಊರಲ್ಲೇ ಬಿ.ಎ. ಮುಗಿಸಿ, ಬೆಳಗಾವಿಯಲ್ಲಿ ಆರು ತಿಂಗಳು ಕಂಪ್ಯೂಟರಿನಲ್ಲಿ ಸೀರೆಯ ದಡಿ ಬರೆಯುವುದನ್ನು ಕಲಿತು, ತಂದೆ ಕೆಲಸ ಮಾಡುವ ಸಂಘಕ್ಕೇ ಬಂದಳು. ಅವಳು ಚೌಕ ಚೌಕದಲ್ಲಿ ಬಣ್ಣ ತುಂಬಿ ದಡಿ ಬರೆಯುವುದು, ಆತ ಅದನ್ನು ನೋಡಿ ರಟ್ಟು ಹೊಡೆಯುವುದು.

'ಅಪ್ಪಾ, ನಿನ್ನ ಕೈ ಭಾಳ ನಿಧಾನ ನೋಡು. ನಾ ಎರಡ ದಡಿ ಬರಿಯೂದ್ರಾಗ ನೀ ಒಂದ ಹೊಡೀತಿ' ಎಂದು ಅವಳು ಕೆಣಕುತ್ತಿದ್ದಳು.

'ನೀ ತಪ್ಪಿದ್ರ ಅಳಸ್ತಿ. ನಾ ತಪ್ಪಿದ್ರ ತೂತ ಮುಚ್ಚಾಕ ಬರತೈತೇನು?' ಎಂದು ಆತ ಹೇಳುತ್ತಿದ್ದ.

ಮೂರು ವರ್ಷದಲ್ಲಿ ಅವಳು ಅರವತ್ತನಾಲ್ಕು ದಡಿ ಬರೆದಳು.

ನಡುವೆ ಸಂಘದ ಹಳೆಯ ಕಂಪ್ಯೂಟರು ಕೈಕೊಟ್ಟಿತು. ದಡಿ ಬರೆಯುವ ಸಾಫ್ಟ್‌ವೇರು ಆ ಕಾಲದ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದು. ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು. ಆಗ ಬೈಲಹೊಂಗಲದಿಂದ ಬಂದವನೊಬ್ಬ ಹಳೆಯ ಯಂತ್ರದ ಒಳಗಿದ್ದುದನ್ನೆಲ್ಲ ಇದ್ದ ಹಾಗೆಯೇ ಎತ್ತಿ ಹೊಸ ಕಂಪ್ಯೂಟರಿನ ಒಳಗೆ ಇಟ್ಟುಕೊಟ್ಟ. ಹೊಸ ಮನೆಯೊಳಗೆ ಹಳೆಯ ಮನೆಯ ಒಂದು ಕೋಣೆಯನ್ನು ಕೂರಿಸಿದ ಹಾಗೆ. ಹೊಸ ಪರದೆಯಲ್ಲಿ ಒಂದು ಕಿಟಕಿ ತೆರೆದರೆ ಅದರೊಳಗೆ ಪೂರ್ತಿ ಹಳೆಯ ಕಂಪ್ಯೂಟರು, ಅದರದೇ ಗಡಿಯಾರ, ಅದರದೇ ಕಡತಗಳು. ಒಳಗಿನದಕ್ಕೆ ಗೆಸ್ಟ್ ಅನ್ನುತ್ತಾರೆ, ಅಂದರೆ ಅತಿಥಿ, ಎಂದು ಬಂದವನು ಹೇಳಿದ್ದೇ ತಡ, ಸಂಘದ ಅಧ್ಯಕ್ಷ ಶಟ್ಟೆಪ್ಪ ಬಾಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತಿ, 'ಹಂಗಾರ ಬೀಗರು ಅನ್ರಿ' ಎಂದಿದ್ದ. ಅಂದಿನಿಂದ ಅದಕ್ಕೆ ಬೀಗರು ಎಂದೇ ಹೆಸರು. ಬೀಗರು ಎದ್ದರೇ, ಬೀಗರಿಗೆ ಚಹಾ ಆಯಿತೇ ಎಂದು ಬಂದವರೆಲ್ಲ ಕೇಳುವುದಿತ್ತು.

ಆ ಸಾಫ್ಟ್‌ವೇರಿಗೆ ಬೆರಳ ತುದಿಯಷ್ಟು ಒಂದು ಕೀಲಿ ಇತ್ತು. ಕಂಪ್ಯೂಟರಿನ ಹಿಂದೆ ಚುಚ್ಚಿದರೆ ಮಾತ್ರ ಬರೆದದ್ದು ಉಳಿಯುತ್ತದೆ. ಇಲ್ಲದಿದ್ದರೆ ನೋಡಬಹುದು, ಉಳಿಸಲಾಗದು. ಕಳೆದರೆ ಇನ್ನೊಂದು ಸಿಗುವುದಿಲ್ಲವೆಂದು ನೀಲಾ ಅದನ್ನು ದಿನವೂ ತೆಗೆದು ತನ್ನ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಅದು ಜುಲೈ ಹತ್ತೊಂಬತ್ತು, ಮಂಗಳವಾರ. ನಾಲ್ಕು ದಿನದಿಂದ ಜ್ವರ. ಮನೆಯಲ್ಲಿ ಮಲಗು ಎಂದು ಸಾವಿತ್ರೆವ್ವ ಗದರಿದರೂ, ಹೊಸ ದಡಿಯ ಕೆಲಸ ಬಾಕಿ ಇದೆ ಎಂದು ನೀಲಾ ಮಧ್ಯಾಹ್ನ ಸಂಘಕ್ಕೆ ಬಂದಳು. ನಾಲ್ಕು ಗಂಟೆಗೆ ಹಣೆ ಒತ್ತಿಕೊಂಡು ಕೇಳಿದಳು:

'ಅಪ್ಪಾ, ತಲಿ ಭಾಳ ನೋಯಾಕತ್ತೈತಿ. ನಾಳೆ ಮಾಡ್ಲ್ಯಾ?'

ನಿಜಗುಣಪ್ಪ ರಟ್ಟು ಜೋಡಿಸುತ್ತಿದ್ದ. ತಲೆ ಎತ್ತಲಿಲ್ಲ. 'ಮೂಲಿ ಒಂದ ಉಳದಿದ್ರ ಮುಗಿಸಿಬಿಡವಾ. ಮುಂಜಾನೆದ್ದ ನಾ ಹೊಡಿಯಾಕ ಸುರು ಮಾಡ್ತೇನಿ' ಎಂದ.

ಅವಳು ಮತ್ತೆ ಕುಳಿತಳು. ಹದಿನೇಳು ನಿಮಿಷ. ಆಗ ಆತ ಎಣಿಸಿರಲಿಲ್ಲ. ನಾಲ್ಕು ಹದಿನೇಳಕ್ಕೆ ಅವಳು ಬೀಗರನ್ನು ಮಲಗಿಸಿದಳು. ಮಲಗಿಸುವುದೆಂದರೆ ಮುಚ್ಚುವುದಲ್ಲ. ತೆರೆದದ್ದು ತೆರೆದಂತೆ, ಬರೆದದ್ದು ಬರೆದಲ್ಲಿಗೆ, ಒಳಗಿನ ಯಂತ್ರ ಇದ್ದ ಸ್ಥಿತಿಯಲ್ಲೇ ಕಣ್ಣು ಮುಚ್ಚುತ್ತದೆ; ಮುಂದೆ ಎಬ್ಬಿಸಿದಾಗ ಅಲ್ಲಿಂದಲೇ ಕಣ್ಣು ಬಿಡುತ್ತದೆ. ನಾಳೆ ಬಂದು ಮುಂದುವರಿಸುವವಳು ಉಳಿಸಿ ಮುಚ್ಚುವ ಗೋಜಿಗೆ ಹೋಗಲಿಲ್ಲ. ಕೀಲಿ ತೆಗೆದು ಪರ್ಸಿಗೆ ಹಾಕಿಕೊಂಡು ಎದ್ದಳು. ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಸಂಜೆ ಜೀಪು ಮಾಡಿಕೊಂಡು ಯರಗಟ್ಟಿ ಮೇಲಿಂದ ಬೆಳಗಾವಿಯ ಆಸ್ಪತ್ರೆಗೆ ಒಯ್ದರು. ಬುಧವಾರ ಬೆಳಕು ಹರಿಯುವ ಮುಂಚೆ ನೀಲಾ ಹೋಗಿಬಿಟ್ಟಳು. ಇಪ್ಪತ್ನಾಲ್ಕು ವರ್ಷ. ಆ ಗದ್ದಲದಲ್ಲಿ ಪರ್ಸು ಎಲ್ಲಿ ಬಿತ್ತೋ, ಕೀಲಿ ಎಲ್ಲಿ ಹೋಯಿತೋ, ಯಾರೂ ಹುಡುಕಲಿಲ್ಲ.

ತಿಂಗಳಾದ ಮೇಲೆ ನಿಜಗುಣಪ್ಪ ಒಂದು ದಿನ ಸಂಘದ ಕಂಪ್ಯೂಟರಿನ ಮುಂದೆ ಕುಳಿತು ಬೀಗರನ್ನು ಎಬ್ಬಿಸಿದ. ಕೀಬೋರ್ಡಿನ ಗುಂಡಿಗಳಿಂದಲೇ ಎಬ್ಬಿಸುವುದು, ಮಲಗಿಸುವುದು ಎರಡನ್ನೂ ಮಗಳು ಆತನಿಗೆ ಕಲಿಸಿದ್ದಳು. ಪರದೆಯ ತುಂಬ ಚೌಕಗಳು. ಮೇಲಿನ ಮೂಲೆಯಲ್ಲಿ ಕೆಂಪು ಹಸಿರು ಚುಕ್ಕಿಗಳ ಒಂದು ಬಳ್ಳಿ. ಬಾಣದ ಗುರುತು ಒಂದು ಖಾಲಿ ಚೌಕದ ಮೇಲೆ ನಿಂತಿತ್ತು, ಅವಳ ಕೈ ಬಿಟ್ಟುಹೋದ ಜಾಗದಲ್ಲಿ. ಆತ ಮೌಸನ್ನು ಮುಟ್ಟಲಿಲ್ಲ. ಹತ್ತು ಹದಿನೈದು ನಿಮಿಷ ನೋಡಿದ, ಮಲಗಿಸಿದ. ಮರುದಿನವೂ ಹಾಗೆಯೇ.

ಆರನೆಯ ದಿನ ಕೆಳಗಿನ ಗಡಿಯಾರ ಕಣ್ಣಿಗೆ ಬಿತ್ತು. ಐದು ಇಪ್ಪತ್ತೊಂದು, ಜುಲೈ ಹತ್ತೊಂಬತ್ತು, ಮಂಗಳವಾರ.

ಹೊರಗೆ ಆಗಸ್ಟು ಮುಗಿಯುತ್ತ ಬಂದಿತ್ತು. ಒಳಗೆ ಇನ್ನೂ ಅದೇ ದಿನ. ಒಳಗಿನ ಗಡಿಯಾರವನ್ನು ಹೊರಗಿನದರ ಜೊತೆ ಹೊಂದಿಸುವ ಒಂದು ಸಣ್ಣ ಸಾಫ್ಟ್‌ವೇರು ಇರುತ್ತದಂತೆ. ಸಂಘದ ಯಂತ್ರದಲ್ಲಿ ಅದು ಬಹಳ ಹಳೆಯದು, ಹೆಸರಿಗೆ ಮಾತ್ರ ಇತ್ತು. ಹೀಗಾಗಿ ಬೀಗರು ಮಲಗಿದಾಗ ಒಳಗೆ ಕಾಲ ನಿಲ್ಲುತ್ತಿತ್ತು, ಎದ್ದಾಗ ಮಾತ್ರ ನಡೆಯುತ್ತಿತ್ತು. ಇದೆಲ್ಲ ನಿಜಗುಣಪ್ಪನಿಗೆ ಆಗ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ಅಲ್ಲಿ ಇನ್ನೂ ಮಂಗಳವಾರ, ಅಲ್ಲಿ ನೀಲಾ ಈಗಷ್ಟೇ ಎದ್ದು ಹೋಗಿದ್ದಾಳೆ, ತಾನು ನೋಡಿದಷ್ಟೂ ಆ ಮಂಗಳವಾರ ಸವೆಯುತ್ತದೆ.

ಅಂದಿನಿಂದ ಆತ ವಾರಕ್ಕೊಮ್ಮೆ, ಮಂಗಳವಾರ ಮಾತ್ರ, ಒಂದು ನಿಮಿಷ ತೆರೆಯುತ್ತಿದ್ದ. ಎಂದಾದರೊಮ್ಮೆ ಮನಸ್ಸು ಕೇಳದೆ ಎರಡು. ಆ ವರ್ಷದ ಖಂಡೇನವಮಿಗೆ ಮಾತ್ರ ಒಂದು ತಪ್ಪಾಯಿತು. ಓಣಿಯಲ್ಲಿ ಲಾಳಿಗೆ, ಹಣಿಗೆಗೆ, ಕತ್ತರಿಗೆ ಪೂಜೆ ಮಾಡುವಂತೆ ಸಂಘದಲ್ಲಿ ಕಂಪ್ಯೂಟರಿಗೂ ಪೂಜೆ. ಮಲಗಿದವರಿಗೆ ಎಂಥ ಪೂಜೆ, ಬೀಗರೂ ಎದ್ದು ಕೂರಲಿ ಎಂದು ಯಾರೋ ಎಬ್ಬಿಸಿ, ಪರದೆಗೆ ವಿಭೂತಿ ಬಳಿದು, ಹಾರ ಹಾಕಿ, ಹೋಳಿಗೆ ಉಣ್ಣಲು ಕುಳಿತರು. ನಿಜಗುಣಪ್ಪ ಪಂಕ್ತಿಯಲ್ಲಿ ಬಡಿಸುತ್ತಿದ್ದ. ಒಳಗೆ ಬಂದು ನೋಡುವಾಗ ಚೆಂಡು ಹೂವಿನ ಹಾರದ ಹಿಂದೆ ಗಡಿಯಾರ ರಾತ್ರಿ ಒಂಬತ್ತು ತೋರಿಸುತ್ತಿತ್ತು. ಮೂರೂವರೆ ತಾಸು. ಮೂರೂವರೆ ತಾಸೆಂದರೆ ವಾರಕ್ಕೊಂದು ನಿಮಿಷದಂತೆ ನಾಲ್ಕು ವರ್ಷ. ಆತ ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ಜನ ಏನೆಂದು ಸಮಾಧಾನ ಮಾಡಬೇಕು?

ಮನೆಯಲ್ಲಿಯೂ ಹೇಳಲಿಲ್ಲ. ಸಾವಿತ್ರೆವ್ವ ಮಗಳ ಬಟ್ಟೆಗಳನ್ನು ಟ್ರಂಕಿಗೆ ಹಾಕಿ, ಟ್ರಂಕಿನ ಮೇಲೆ ಹಾಸಿಗೆ ಒಟ್ಟಿದ್ದಳು. ಅದನ್ನು ನೋಡಿ, ಆರಿದ ಗಾಯ ಕೆದಕಬಾರದು ಎಂದು ಆತ ಅಂದುಕೊಂಡ.

ಹೀಗೆ ಕಳೆದ ಯುಗಾದಿಯ ಹೊತ್ತಿಗೆ ಒಳಗೆ ಹನ್ನೊಂದು ಗಂಟೆ ಮೂವತ್ತೆಂಟು ನಿಮಿಷ ಆಗಿತ್ತು. ಇನ್ನು ಇಪ್ಪತ್ತೆರಡು ನಿಮಿಷ ಕಳೆದರೆ ಬುಧವಾರ. ಅಲ್ಲಿಗೆ ಆತ ತೆರೆಯುವುದನ್ನೇ ನಿಲ್ಲಿಸಿದ. ನೋಡದಿದ್ದರೂ ಚಿಂತೆಯಿಲ್ಲ, ಇದ್ದರೆ ಸಾಕು.

ದೀಪಾವಳಿ ಮುಗಿದ ವಾರ ಶೈಲಶ್ರೀ ಬಂದಳು. ದೊಡವಾಡದ ಹುಡುಗಿ, ಬೈಲಹೊಂಗಲದಲ್ಲಿ ಬಿ.ಸಿ.ಎ. ಓದಿ ಅಲ್ಲಿಯದೇ ಒಂದು ಕಂಪ್ಯೂಟರ್ ಅಂಗಡಿಯ ಪರವಾಗಿ ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗಿ ರಿಪೇರಿ ಮಾಡುವವಳು. ಸಂಘಕ್ಕೆ ಹೊಸ ಜಕಾರ್ಡ್ ಯಂತ್ರಗಳು ಬಂದಿದ್ದವು. ಅವಕ್ಕೆ ರಟ್ಟು ಬೇಡ; ದಡಿಯ ಫೈಲು ಕೊಟ್ಟರೆ ತಾವೇ ಎಳೆ ಎತ್ತುತ್ತವೆ. ಫೈಲುಗಳಿರುವುದು ಬೀಗರ ಹೊಟ್ಟೆಯಲ್ಲಿ.

'ಏನವಾ ಡಾಕ್ಟರ, ನಮ್ಮ ಬೀಗರ ಪ್ರಕೃತಿ ಹ್ಯಾಂಗೈತಿ?' ಎಂದ ಶಟ್ಟೆಪ್ಪ.

'ಬೀಗರು ಭಾಳ ಹಳೇ ಕಾಲದವ್ರ ಅದಾರ್ರಿ ಮಾಮಾ. ಅಗಳಿ ಹಾಕದ ಮಲಗ್ಯಾರ. ಯಾರ ಬೇಕಾದ್ರೂ ಒಳಗ ಬರಬಹುದು' ಎಂದಳು ಶೈಲಶ್ರೀ. ಆಮೇಲೆ ನಗು ಬಿಟ್ಟು ವಿವರಿಸಿದಳು. ಹೊರಗಿನ ವಿಂಡೋಸಿಗೆ ಇನ್ನು ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಅದನ್ನು ಹೊಸದಕ್ಕೆ ಏರಿಸಬೇಕು. ಒಳಗಿನ ಯಂತ್ರಕ್ಕೂ ಹೊರಗಿನದಕ್ಕೂ ನಡುವೆ ನಿಂತು ಕಡತ ಸಾಗಿಸುವ, ಮೌಸು ನಡೆಸುವ, ಗಡಿಯಾರ ಹೊಂದಿಸುವ ಅತಿಥಿ ಸಾಫ್ಟ್‌ವೇರು ಹಳೆಯದಾಗಿ ತೂತು ಬಿದ್ದಿದೆ; ಅದರ ಮೂಲಕ ವೈರಸ್ಸು ಬಂದರೆ ಅರವತ್ತನಾಲ್ಕು ದಡಿಯೂ ಹೋದವು. ಹೊಸ ಆವೃತ್ತಿ ಹಾಕಿದರೆ ಮಾತ್ರ ಫೈಲು ಹೊರಗೆ ಬರುತ್ತವೆ.

'ಹಾಕಿಬಿಡವಾ ಮತ್ತ. ಕೇಳೂದೇನೈತಿ?' ಎಂದ ಶಟ್ಟೆಪ್ಪ.

'ಮಲಗಿದವ್ರಿಗೆ ಹಾಕಾಕ ಬರೂದಿಲ್ರಿ. ಎಬ್ಬಿಸಿ, ಪೂರಾ ಬಂದ್ ಮಾಡಿ, ಮತ್ತ ಚಾಲೂ ಮಾಡಬೇಕು.'

ಮೂಲೆಯಲ್ಲಿ ರಟ್ಟು ಕಟ್ಟುತ್ತಿದ್ದ ನಿಜಗುಣಪ್ಪನ ಕೈ ನಿಂತಿತು. 'ಬಂದ್ ಮಾಡೂದ ಬ್ಯಾಡ' ಎಂದ.

'ಯಾಕ್ರಿ ಕಾಕಾ?'

'ಬ್ಯಾಡ ಅಂದ್ರ ಬ್ಯಾಡ. ಹಂಗ ಇರಲಿ.'

'ಏ ನಿಜಗುಣಾ' ಎಂದು ಶಟ್ಟೆಪ್ಪ ನಕ್ಕ. 'ರಟ್ಟ ಹೋಗತೈತೆಂತ ಹೊಟ್ಟಿಕಿಚ್ಚೇನೊ? ಹೊಸಾ ಮಗ್ಗ ಬಂದ ವಾರಾತು, ಕೈ ಕಟ್ಟಿ ನಿಂತಾವ. ಬೀಗರ ನಿನ್ನ ಮನಿ ಬೀಗರೇನೊ?'

ನಿಜಗುಣಪ್ಪ ಮತ್ತೆ ರಟ್ಟು ಕಟ್ಟತೊಡಗಿದ. ಶೈಲಶ್ರೀ ಮಲಗಿದ ಯಂತ್ರದ ವಿವರ ತೆಗೆದು ಓದಿದಳು. 'ಒಳಗ ಒಂದ ಡಿಸೈನ್ ಉಳಸದ ಹಂಗ ಬಿಟ್ಟಾರ ಅನಸ್ತೈತಿ. ಬಂದ್ ಮಾಡಿದ್ರ ಅದೊಂದ ಹೋಗತೈತ್ರಿ. ಮಲಗಿದ್ದರ ಕಾಪಿ ತಗದಿಟ್ರೂ ಹೊಸಾದ್ರಾಗ ಅದು ಏಳೂದಿಲ್ಲ. ಮಾಡಿದವ್ರು ಯಾರ್ರಿ? ಅವ್ರನ್ನ ಕರಸಿದ್ರ ಉಳಸಿ ಹೋಗತಾರ' ಎಂದಳು.

ಶಟ್ಟೆಪ್ಪನ ನಗು ಮುಖದಲ್ಲೇ ಆರಿತು. 'ಇವನ ಮಗಳವಾ' ಎಂದ ಮೆಲ್ಲಗೆ. 'ಈಗಿಲ್ಲ ಆಕಿ.'

ಶೈಲಶ್ರೀ ಕೈಯನ್ನು ಮೌಸಿನಿಂದ ತೆಗೆದಳು. ಎದ್ದು ನಿಜಗುಣಪ್ಪನ ಹತ್ತಿರ ಬಂದು ನೆಲದ ಮೇಲೆ ಕುಳಿತಳು.

'ಕಾಕಾ, ನಾ ಹೊರಗಿನಾಕಿ. ನೀವ ಬ್ಯಾಡ ಅಂದ್ರ ನಾಕರ ಬಸ್ಸಿಗೆ ಎದ್ದ ಹೊಕ್ಕೇನಿ. ಖರೆ, ಒಂದ ಮಾತ ಕೇಳ್ರಿ. ಒಂದ ಡಿಸೈನ್ ಸಲುವಾಗಿ ಅಕ್ಕಾರ ಅರವತ್ನಾಕೂ ಒಳಗ ಸಿಕ್ಕೊಂಡಾವ. ಯಾರ ಮೈಮ್ಯಾಲೂ ಬರೂದಿಲ್ಲ.'

ಅಕ್ಕಾರ ಎಂಬ ಒಂದು ಮಾತು ಆತನನ್ನು ಅಲುಗಾಡಿಸಿತು. ಮೂರು ವರ್ಷದಲ್ಲಿ ಯಾರೂ ನೀಲಾಳನ್ನು ತಮಗೆ ಏನಾದರೂ ಆಗಬೇಕಾದವಳಂತೆ ಕರೆದಿರಲಿಲ್ಲ. ಆತ ರಟ್ಟುಗಳನ್ನು ಪಕ್ಕಕ್ಕೆ ಸರಿಸಿ ಎದ್ದ.

'ಇಪ್ಪತ್ತೆರಡ ಮಿನಿಟ ಐತಿ, ತಂಗಿ. ಅಷ್ಟರಾಗ ಮುಗಸಬೇಕು.'

ಶೈಲಶ್ರೀ ತನ್ನ ಕೈಗಡಿಯಾರ ನೋಡಿಕೊಂಡಳು. ಆಗ ಆತ ಹೇಳಿದ, ಹೆಚ್ಚೇನಿಲ್ಲ, ನಾಲ್ಕೈದು ವಾಕ್ಯ. ಮಂಗಳವಾರ, ವಾರಕ್ಕೊಂದು ನಿಮಿಷ, ಖಂಡೇನವಮಿಯ ಹಾರ. ಯಾರೆದುರಿಗೂ ಆಡದ ಮಾತು ಅಪರಿಚಿತ ಹುಡುಗಿಯೆದುರು ಸಲೀಸಾಗಿ ಬಂತು. ಶಟ್ಟೆಪ್ಪ ಎಲೆ ಅಡಿಕೆ ಉಗುಳುವ ನೆವದಿಂದ ಹೊರಗೆ ಹೋದವನು ಒಳಗೆ ಬರಲಿಲ್ಲ.

'ಗಡಿಯಾರ ಹಿಂದ ಇಡಾಕ ಬರತೈತ್ರಿ ಕಾಕಾ' ಎಂದಳು ಶೈಲಶ್ರೀ. 'ನಾಕೂ ಹದಿನೇಳಕ್ಕ ಇಟ್ಟಕೊಡ್ಲ್ಯಾ?'

'ಬ್ಯಾಡವಾ. ಮುಳ್ಳ ತಿರುವಿದ್ರ ಆಕಿ ಕುಂತಿದ್ದ ಹೊತ್ತ ಆಕ್ಕೈತೇನು?'

ಬೀಗರು ಎದ್ದರು. ಹನ್ನೊಂದು ಮೂವತ್ತೆಂಟು. ಚೌಕಗಳು, ಮೂಲೆಯ ಬಳ್ಳಿ, ಖಾಲಿ ಚೌಕದ ಮೇಲೆ ನಿಂತ ಬಾಣ. ಕೀಲಿ ಇಲ್ಲದ್ದರಿಂದ ಉಳಿಸಲಾಗದು. ಕಾಣುವುದನ್ನು ಚಿತ್ರ ತೆಗೆದಿಟ್ಟುಕೊಳ್ಳೋಣ ಎಂದಳು ಶೈಲಶ್ರೀ. ಮೊದಲ ಚಿತ್ರ ತೆಗೆದಳು. 'ಕೆಳಗ ಸರಸ್ತೇನ್ರಿ' ಎಂದು ಕೇಳಿ, ಆತ ತಲೆಯಾಡಿಸಿದ ಮೇಲೆ ಪರದೆಯನ್ನು ಕೆಳಕ್ಕೆ ಸರಿಸಿದಳು.

ಖಾಲಿ ಚೌಕಗಳು. ಇನ್ನೂ ಕೆಳಗೆ ಸರಿಸಿದಳು. ಖಾಲಿ. ಪಕ್ಕಕ್ಕೆ ಸರಿಸಿದಳು. ಅಲ್ಲಿಯೂ ಬಿಳಿ.

'ಪೂರಾ ದಡಿ ಇರಬೇಕಲ್ಲ' ಎಂದ ನಿಜಗುಣಪ್ಪ. 'ಮೂಲಿ ಒಂದ ಉಳದಿತ್ತು.'

ಶೈಲಶ್ರೀ ಕೊನೆಯವರೆಗೂ ಹೋಗಿ ಬಂದಳು. 'ಇಷ್ಟ ಇರೂದು ಕಾಕಾ. ಮ್ಯಾಲಿನ ನಲವತ್ತೊಂದ ಸಾಲು.'

ನೂರಾರು ಸಾಲಿನ ದಡಿಯಲ್ಲಿ ನಲವತ್ತೊಂದು. ಮೂರು ವರ್ಷ ಆತ ಆ ಮೂಲೆಯನ್ನು ನೋಡುತ್ತ, ಕಾಣದ ಕೆಳಭಾಗದಲ್ಲಿ ಪೂರ್ತಿ ದಡಿ ಮಲಗಿದೆ ಎಂದುಕೊಂಡಿದ್ದ. ಮೌಸು ಮುಟ್ಟದೆ ಅದನ್ನು ಕಾಯ್ದಿದ್ದ. ಅವಳು ಅಂದು ಮುಗಿಸುವ ಹಂತದಲ್ಲಿ ಇರಲೇ ಇಲ್ಲ. ಶುರು ಮಾಡಿದ್ದಳು, ಅಷ್ಟೇ. ಮುಗಿಸಿಬಿಡವಾ ಎಂದು ಆತ ಹೇಳಿದಾಗ, ಎಲ್ಲಿ ಮುಗಿಯುತ್ತದೆ ಅಪ್ಪಾ ಎಂದು ಅನ್ನದೆ, ಸುಡುವ ಹಣೆ ಹಿಡಿದುಕೊಂಡು ಹದಿನೇಳು ನಿಮಿಷ ಕುಳಿತಿದ್ದಳು. ಆತನ ಮಾತಿಗೆ ಕುಳಿತಿದ್ದಳು.

ಚಿತ್ರ ತೆಗೆದು ಮುಗಿಯುವಾಗ ಒಳಗೆ ಹನ್ನೊಂದು ನಲವತ್ತಾರು.

'ಇನ್ನ ಬಂದ್ ಮಾಡ್ಲ್ಯಾ?'

'ತಡಿ ಯವ್ವಾ. ಅದು ಮನಿಯವ್ರ ಕೈಲೇ ಆಗಬೇಕು.'

ಶೈಲಶ್ರೀ ಕುರ್ಚಿ ಬಿಟ್ಟು ಹಿಂದೆ ನಿಂತಳು. ನಿಜಗುಣಪ್ಪ ಕುಳಿತ. ಮೊದಲ ಸಲ ಮೌಸಿನ ಮೇಲೆ ಕೈ ಇಟ್ಟ. ರಟ್ಟು ಹೊಡೆದು ಗಂಟುಗಟ್ಟಿದ ಬೆರಳು ಒಂದೆರಡು ಸಲ ಜಾರಿತು. ಮಗಳು ನಿಲ್ಲಿಸಿದ ಚೌಕದ ಮೇಲೆ ಒತ್ತಿದ. ಅಲ್ಲಿ ಒಂದು ಕೆಂಪು ಚುಕ್ಕಿ ಮೂಡಿತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಇನ್ನೊಂದು. ನಾಲ್ಕು. ಅಲ್ಲಿಗೆ ನಿಲ್ಲಿಸಿದ. ಆಮೇಲೆ ಕೈ ಕಟ್ಟಿ ಗಡಿಯಾರ ನೋಡುತ್ತ ಕುಳಿತ. ಹೊರಗೆ ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ರಟ್ಟಿನ ರಾಶಿಯ ಮೇಲೆ ಹಾಸಿತ್ತು. ಆ ರಾತ್ರಿ ಆಸ್ಪತ್ರೆಯಲ್ಲಿ, ಒಳಗಿನ ಗಡಿಯಾರದ ಇದೇ ಹೊತ್ತಿಗೆ, ತಾನು ವರಾಂಡದಲ್ಲಿ ನಿಂತಿದ್ದುದು, ಹೆಂಡತಿ ಒಳಗೆ ಮಗಳ ಕಾಲು ತಿಕ್ಕುತ್ತಿದ್ದುದು ನೆನಪಾಯಿತು. ಅಂದು ಈ ನಿಮಿಷಗಳು ಹೋದದ್ದು ತಿಳಿದಿರಲಿಲ್ಲ. ಇಂದು ಒಂದೊಂದೂ ಕಣ್ಣ ಮುಂದೆ ಹೋದವು.

ಹನ್ನೆರಡಾಯಿತು. ಹತ್ತೊಂಬತ್ತು ಇದ್ದಲ್ಲಿ ಇಪ್ಪತ್ತು ಬಂತು. ಬುಧವಾರ.

ಶೈಲಶ್ರೀ ತೋರಿಸಿದಲ್ಲಿ ಒತ್ತಿದ. ಯಂತ್ರ ಒಂದು ಪ್ರಶ್ನೆ ಕೇಳಿತು.

'ಏನಂತದು?'

'ಬರದಿದ್ದನ್ನ ಉಳಸಬೇಕೇನು ಅಂತ ಕೇಳಾಕತ್ತೈತ್ರಿ.' ಅವಳ ಸ್ವರ ಇಳಿಯಿತು. 'ಕೀಲಿ ಇಲ್ಲಲ್ರಿ ಕಾಕಾ. ಬ್ಯಾಡ ಅನ್ನೂದನ್ನ ಒತ್ತಬೇಕು.'

ನಿಜಗುಣಪ್ಪ ಬೇಡ ಎಂಬುದನ್ನು ಒತ್ತಿದ. ಚೌಕಗಳು ಒಮ್ಮೆಲೇ ಹೋದವು. ಸಪ್ಪಳವೇ ಇರಲಿಲ್ಲ.

ಆಮೇಲಿನದೆಲ್ಲ ಶೈಲಶ್ರೀಯ ಕೆಲಸ. ಹೊಸ ಸಾಫ್ಟ್‌ವೇರು ಹಾಕಿದಳು. ಒಳಗಿನ ಯಂತ್ರ ಎರಡು ಸಲ ಆರಿ ಎರಡು ಸಲ ಎದ್ದಿತು. ಎರಡನೆಯ ಸಲ ಎದ್ದಾಗ ಕೆಳಗಿನ ಗಡಿಯಾರ ಒಂದು ಕ್ಷಣ ತಡೆದು, ಮೂರು ವರ್ಷ ಮೂರು ತಿಂಗಳನ್ನು ಒಂದೇ ಹೆಜ್ಜೆಗೆ ದಾಟಿ ಇಂದಿನ ಮಧ್ಯಾಹ್ನಕ್ಕೆ ಬಂದು ನಿಂತಿತು. ಅರವತ್ತನಾಲ್ಕು ಫೈಲುಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಆಮೇಲೆ ಹೊರಗಿನ ವಿಂಡೋಸನ್ನು ಏರಿಸುವ ಕೆಲಸ ಹಚ್ಚಿಟ್ಟಳು. ಶಟ್ಟೆಪ್ಪ ಬಾಗಿಲಲ್ಲಿ ಕಾಣಿಸಿಕೊಂಡು, 'ಬೀಗರು ಹರೇದವ್ರ ಆದ್ರಲ್ಲೊ' ಎಂದ. ಯಾರೂ ನಗದಿದ್ದಾಗ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೋಗುವ ಮುಂಚೆ ಶೈಲಶ್ರೀ ನಲವತ್ತೊಂದು ಸಾಲಿನ ಚಿತ್ರವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟಳು. ಆತನ ಕಾಲಿಗೆ ನಮಸ್ಕಾರ ಮಾಡಿ ಬಸ್ಸಿಗೆ ಹೋದಳು.

ಸಾವಿತ್ರೆವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಿಜಗುಣಪ್ಪ ಹಾಳೆಯನ್ನು ಅವಳ ಮುಂದೆ ಇಟ್ಟ.

'ನೀಲಾ ಕಡೀಕ ಬರದಿದ್ದು.'

ಅವಳು ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ ಹಾಳೆ ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈಯ ಬಳೆಗಳನ್ನು ಮೊಣಕೈಯ ತನಕ ಸರಿಸಿ, ಮುಂಗೈಯನ್ನು ಹಾಳೆಯ ಪಕ್ಕಕ್ಕೆ ಇಟ್ಟಳು.

'ಇದು ನನ್ನ ಕೈ ಐತಲ್ರಿ' ಎಂದಳು.

ಮೂಲೆಯ ಬಳ್ಳಿ ಅವಳ ಮಣಿಕಟ್ಟಿನ ಬಳ್ಳಿಯೇ. ಮೂವತ್ತಾರು ವರ್ಷ ತನಗೆ ರೊಟ್ಟಿ ಬಡಿಸಿದ ಕೈ. ನಿಜಗುಣಪ್ಪನಿಗೆ ಗುರುತು ಸಿಕ್ಕಿರಲಿಲ್ಲ.

'ಸೋಮವಾರ ದಿನ, ಜ್ವರ ಬಂದ ಮಲಗಿದ್ದಾಗ, ನನ್ನ ಕೈ ತೊಡಿಮ್ಯಾಲ ಇಟಕೊಂಡ ಎಣಿಸಿ ಎಣಿಸಿ ಗ್ರಾಫ್ ಹಾಳಿಮ್ಯಾಲ ಬರಕೊಂಡಳು. ಅವ್ವಾ, ನಿನ್ನ ಕೈ ಎಲ್ಲಾರ ಮೈಮ್ಯಾಲ ಹಾಕತೇನಿ ಅಂದಳು. ಇಷ್ಟ ಎಣಸಿ ನಿದ್ದಿ ಹೋದಳು.' ಅವಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. 'ಇದು ಎಲ್ಲಿತ್ತು, ಇಷ್ಟ ದಿನಾ?'

ನಿಜಗುಣಪ್ಪ ಗೋಡೆಗೆ ಒರಗಿ ಕುಳಿತು ಎಲ್ಲವನ್ನೂ ಹೇಳಿದ. ಬುಧವಾರ ಬಂದದ್ದು, ತನ್ನ ಕೈಯಿಂದಲೇ ಮುಚ್ಚಿದ್ದು, ಅದು ಮನೆಯವರ ಕೈಯಿಂದಲೇ ಆಗಬೇಕಿತ್ತು ಎಂದದ್ದು, ಎಲ್ಲ ಮುಗಿದ ಮೇಲೆ ಸಾವಿತ್ರೆವ್ವ ಕೇಳಿದಳು:

'ಮೂರ ವರ್ಷ?'

'ಹೂಂ.'

'ವಾರಾ ವಾರಾ?'

'ಹೂಂ.'

'ನಾನೂ ಮನಿಯಾಕಿ ಅಲ್ಲೇನ್ರಿ?'

ಹೇಳದಿದ್ದುದಕ್ಕೆ ಆತನ ಬಳಿ ಒಂದು ಕಾರಣವಿತ್ತು. ನಿನಗೆ ನೋವಾಗುತ್ತದೆಂದು, ಆರಿದ ಗಾಯವೆಂದು. ಆ ಮಾತು ಮೂರು ವರ್ಷ ಆತನಿಗೆ ಸರಿಯಾಗಿಯೇ ಕೇಳಿಸಿತ್ತು. ಒಂದು ನಿಮಿಷ ಅವಳಿಗೆ ಕೊಟ್ಟಿದ್ದರೆ ಮೂಲೆಯ ಬಳ್ಳಿ ಯಾವುದೆಂದು ಅಂದೇ ಹೇಳುತ್ತಿದ್ದಳು. ಆಗ ಹಚ್ಚೆ ಇನ್ನೂ ಇಷ್ಟು ಮಾಸಿರಲಿಲ್ಲ.

'ಇನ್ನ ಏನೂ ಉಳದಿಲ್ಲೇನ್ರಿ? ಒಂದ ಮಿನಿಟರ?'

'ಇಲ್ಲ. ಇವತ್ತ ಮುಗೀತು.'

ಆತ ಅವಳ ಮುಂಗೈ ನೋಡಿದ. ನಲವತ್ತೊಂದನೆಯ ಸಾಲಿನ ಮುಂದೆ, ಮೊಣಕೈಯ ಕಡೆಗೆ, ಹಸಿರು ಗೆರೆಗಳು ಸುಕ್ಕುಗಳಲ್ಲಿ ಕಲೆತು ಬಳ್ಳಿ ಯಾವುದು ನರ ಯಾವುದು ತಿಳಿಯದಂತಾಗಿದ್ದವು.

'ಕೈ ಕೊಡು ಇಲ್ಲೆ. ಉಳದಿದ್ದನ್ನ ನಾ ಎಣಸ್ತೇನಿ' ಎಂದ.

'ಬ್ಯಾಡ ಬಿಡ್ರಿ' ಎಂದಳು ಸಾವಿತ್ರೆವ್ವ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಳೆಯನ್ನು ಮಡಚದೆ, ಸುರುಳಿ ಸುತ್ತದೆ, ಟ್ರಂಕಿನ ಮೇಲಿನ ಹಾಸಿಗೆ ಎತ್ತಿ ಅದರಡಿಗೆ ಚಪ್ಪಟೆಯಾಗಿ ಇಟ್ಟು ಬಂದಳು. ಮೊಣಕೈಗೆ ಏರಿಸಿದ್ದ ಬಳೆಗಳನ್ನು ಒಂದೊಂದಾಗಿ ಕೆಳಗೆ ಇಳಿಸಿದಳು. ಆಮೇಲೆ ಮೊರ ಎತ್ತಿಕೊಂಡು, ಕತ್ತಲಾಗುವ ಮುಂಚೆ ಮುಗಿಯಬೇಕಾಗಿದ್ದ ಜೋಳವನ್ನು ಹಸನು ಮಾಡತೊಡಗಿದಳು.